ಶಿಶುಸಂರಕ್ಷಣೆಯೂ ಸೇವಾಪರ್ಯಟನವೂ

(ಉರಿಗಾಂನಲ್ಲಿ ಸೇರಿದ ಭಕ್ತರ ಸಭೆಯಲ್ಲಿ ಓದಿದ ಉಪನ್ಯಾಸ)



ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಮಾರಿಕುಪ್ಪಂ ಕಡೆಗೆ ಹೊರಟ ಪ್ರಯಾಣಿಕನು ಉರಿಗಾಂ ನಿಲ್ದಾಣದಲ್ಲಿ ಇಳಿದೊಡನೆ ಕಾಣತಕ್ಕದ್ದು ಚಿನ್ನವನ್ನು ಸೋಸಿ ತೆಗೆದ ಮೇಲೆ ಉಳಿದ ಮಣ್ಣಿನ ದಿಬ್ಬಗಳು. ಜನರು ಇವುಗಳಿಗೆ ಸಯನೈಡ್ ಗುಡ್ಡಗಳೆಂದು ಹೆಸರಿಟ್ಟಿರುವರು. ಬೇಸಗೆಯ ಗಾಳಿಗೆ ಆ ಧೂಳು ಎದ್ದು ಲೈನುಮನೆಗಳ ಬಾಗಿಲೊಳಗೆ ನುಗ್ಗುವುದು ಇಲ್ಲಿ ನೆರೆದಿರುವ ತಾಯಂದಿರಿಗೆಲ್ಲ ಅನುಭವಸಿದ್ಧವಾದ ಸಂಗತಿ. ಇಂತಹ ಸ್ಥಳದಲ್ಲಿ, ಮಠದ ಉತ್ಸವದ ಸಂದರ್ಭದಲ್ಲಿ, ತತ್ತ್ವವಿಚಾರವನ್ನು ಬಿಟ್ಟು ಕೂಸುಗಳ ಕೆಮ್ಮು, ತೂಕ, ಚುಚ್ಚುಮದ್ದುಗಳ ಮಾತನ್ನೆತ್ತುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ದಾಸೋಹವೆಂಬುದು ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳುಹದಿರುವ ವ್ರತವಷ್ಟೆ. ಪ್ರಕೃತ ವಿಷಯವೂ ಬಾಗಿಲಿಗೆ ಬಂದವರ ವಿಷಯವೇ ಆಗಿರುವುದರಿಂದ ಈ ವೇದಿಕೆಯು ಅದಕ್ಕೆ ಅಯೋಗ್ಯವಾದುದಲ್ಲ.

ಪರದೇಶಗಳಿಂದ ಬಂದು ಬಡನಾಡುಗಳ ಮಕ್ಕಳ ಆರೋಗ್ಯಕ್ಕಾಗಿ ಊರೂರು ತಿರುಗಿದ ಸೇವಾಕರ್ತರು ಅನೇಕರು. ಅವರ ಪರ್ಯಟನದಿಂದ ಏನು ಒದಗಿತು, ಏನು ಒದಗಲಿಲ್ಲ, ಅವರಲ್ಲಿ ಯಾರು ನಿಜವಾಗಿ ನೋಡಿದರು, ಯಾರು ತೋರಿಸಿದ್ದನ್ನು ಮಾತ್ರ ನೋಡಿ ಹಿಂದಿರುಗಿದರು ಎಂಬುದನ್ನು ಈ ಸೀಮೆಯ ಸುತ್ತಮುತ್ತಲಿನ ನಿದರ್ಶನಗಳಿಂದಲೇ ವಿಚಾರಮಾಡಬಹುದಾಗಿದೆ.

ಮೊದಲು ಈ ಊರಿನ ಎದೆಯ ಕಥೆ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಗಣಿಗೆಲಸವನ್ನು ಕೈಕೊಂಡರು. ಮೈಸೂರು ಗಣಿ, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಾಘಾಟ್ ಎಂಬ ಹೆಸರುಗಳು ಲಂಡನ್ನಿನ ಷೇರುಪೇಟೆಯವರೆಗೂ ಪ್ರಸಿದ್ಧವಾದವು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ತೊಂಬತ್ತು ಮೈಲಿಗೂ ಮಿಕ್ಕ ದೂರವನ್ನು ದಾಟಿ, ಬೆಂಗಳೂರಿನ ಬೀದಿಗಳಿಗಿಂತ ಮುಂಚೆಯೇ, ಈ ಗಣಿಗಳಿಗೆ ಬಂದಿತು. ತಮಿಳು ಸೀಮೆಯಿಂದಲೂ ತೆಲುಗು ಸೀಮೆಯಿಂದಲೂ ಕನ್ನಡ ಹಳ್ಳಿಗಳಿಂದಲೂ ಬಂದ ಕೂಲಿಯವರು ತಗಡಿನ, ತಡಿಕೆಯ ಲೈನುಮನೆಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರವಾಗಿ ನೆಲೆಸಿದರು. ಭೂಮಿಯೊಳಗೆ ಬೆಣಚುಕಲ್ಲನ್ನು ಕೊರೆಯುವಾಗ ಏಳುವ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ತಂಗಿ ಅದನ್ನು ಗಟ್ಟಿಗೊಳಿಸುವ ಸಿಲಿಕೋಸಿಸ್ ಎಂಬ ರೋಗವು ಭಾರತದಲ್ಲಿ ಮೊಟ್ಟಮೊದಲು ವರದಿಯಾದದ್ದು 1934ರಲ್ಲಿ, ಈ ಕೋಲಾರದ ಚಿನ್ನದ ಗಣಿಗಳಿಂದಲೇ. 1940ರ ದಶಕದಲ್ಲಿ ಇಲ್ಲಿಯ ವೈದ್ಯರು ಸಾವಿರಾರು ಕೆಲಸಗಾರರ ಎದೆಯ ಚಿತ್ರಗಳನ್ನು ತೆಗೆದು ನೋಡಿದಾಗ ರೋಗವು ಎಷ್ಟು ವ್ಯಾಪಕವಾಗಿದೆಯೆಂಬುದು ಬಯಲಾಯಿತು.

ಇದು ದುಡಿಯುವ ಗಂಡಸರ ರೋಗ, ಇದಕ್ಕೂ ತೊಟ್ಟಿಲ ಕೂಸಿಗೂ ಸಂಬಂಧವೇನೆಂದು ಕೇಳಬಹುದು. ಸಂಬಂಧವು ಬಹು ನಿಕಟವಾದದ್ದು. ಧೂಳಿನಿಂದ ಕೆಟ್ಟ ಎದೆಯಲ್ಲಿ ಕ್ಷಯದ ಕ್ರಿಮಿ ಸುಲಭವಾಗಿ ಬೇರೂರುವುದು. ಧೂಳಿನ ರೋಗವು ಒಬ್ಬರಿಂದೊಬ್ಬರಿಗೆ ಹರಡದು, ಕ್ಷಯವಾದರೋ ಹರಡುವುದು. ಒಂದೇ ಕೋಣೆಯ ಮನೆಯಲ್ಲಿ ತಂದೆ ಕೆಮ್ಮಿದ ಗಾಳಿಯನ್ನೇ ಮಗುವೂ ಉಸಿರಾಡಬೇಕಷ್ಟೆ. ದೊಡ್ಡವರಲ್ಲಿ ಈ ರೋಗವು ವರ್ಷಗಟ್ಟಲೆ ಸವೆಯಿಸುತ್ತ ಸಾಗಿದರೆ, ಎಳೆಯ ಮಕ್ಕಳಲ್ಲಿ ಅದು ಮೆದುಳಿನ ಪೊರೆಗೆ ಏರಿ ಕೆಲವೇ ವಾರಗಳಲ್ಲಿ ಪ್ರಾಣವನ್ನು ಕೊಂಡೊಯ್ಯಬಹುದು. ಉಳಿದ ಮಗುವಿಗೆ ಕಣ್ಣೋ ಕಿವಿಯೋ ಬುದ್ಧಿಯೋ ಕುಂದಬಹುದು. ಹಿಂದೆ ಇಂತಹ ಎಷ್ಟು ಸಾವುಗಳು ಬಾಲಗ್ರಹವೆಂಬ ಹೆಸರಿನಲ್ಲಿ ಮುಚ್ಚಿಹೋದವೋ ಬಲ್ಲವರಾರು?

ಈ ಕ್ರಿಮಿಗೆ ಪ್ರತಿಯಾಗಿ ಮಕ್ಕಳಿಗೆ ಕೊಡುವ ಬಿ.ಸಿ.ಜಿ. ಎಂಬ ಮದ್ದನ್ನು ಫ್ರಾನ್ಸ್ ದೇಶದ ಕಾಲ್ಮೆಟ್ ಮತ್ತು ಗೆರಾನ್ ಎಂಬ ಇಬ್ಬರು ವಿಜ್ಞಾನಿಗಳು ಹದಿಮೂರು ವರ್ಷಗಳ ತಾಳ್ಮೆಯಿಂದ ಸಿದ್ಧಗೊಳಿಸಿದರು. 1921ರಲ್ಲಿ ಪ್ಯಾರಿಸ್ ನಗರದ ಒಂದು ಹಸುಗೂಸಿಗೆ ಅದನ್ನು ಮೊದಲು ಕೊಡಲಾಯಿತು. ಆ ಕೂಸಿನ ತಾಯಿ ಹೆತ್ತೊಡನೆ ಕ್ಷಯದಿಂದ ತೀರಿಕೊಂಡಿದ್ದಳು. ಅದನ್ನು ಸಾಕತಕ್ಕವಳಾದ ಅಜ್ಜಿಯೂ ಕ್ಷಯಪೀಡಿತೆ. ಲೋಕದಲ್ಲಿ ಈ ಮದ್ದನ್ನು ಕಂಡ ಮೊದಲ ಮಗುವು ಕೆಮ್ಮುವ ಅಜ್ಜಿಯ ಮಡಿಲಿಗೆ ಹೋಗಬೇಕಾಗಿದ್ದ ಮಗುವೆಂಬುದನ್ನು ಸಭಿಕರು ನೆನಪಿನಲ್ಲಿಡತಕ್ಕದ್ದು. ಉಪನ್ಯಾಸದ ಕೊನೆಯಲ್ಲಿ ಅದು ಮತ್ತೆ ಬೇಕಾಗುವುದು.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಯೂರೋಪಿನಲ್ಲಿ ಕ್ಷಯವು ಹೆಚ್ಚಲು, ಡೆನ್ಮಾರ್ಕ್, ನಾರ್ವೆ, ಸ್ವೀಡನ್ ದೇಶಗಳ ಸೇವಾಸಂಘಗಳು ಬಿ.ಸಿ.ಜಿ.ಯನ್ನು ಹೊತ್ತು ದೇಶದೇಶಗಳಿಗೆ ಹೊರಟವು. ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯೂನಿಸೆಫ್ ಅವುಗಳೊಡನೆ ಸೇರಿತು. ಆ ದಂಡು 1948ರ ಆಗಸ್ಟಿನಲ್ಲಿ ಭಾರತದಲ್ಲಿ ಮೊದಲು ಕಾಲಿಟ್ಟ ಸ್ಥಳಗಳಲ್ಲೊಂದು, ಕೋಲಾರ ಸೀಮೆಯ ಗಡಿಗೆ ಸಮೀಪದಲ್ಲಿರುವ ಮದನಪಲ್ಲಿ. ಅಲ್ಲಿ ಆರೋಗ್ಯವರಂ ಎಂಬ ಕ್ಷಯ ಚಿಕಿತ್ಸಾಲಯವು ಮೊದಲೇ ಇದ್ದು, ಡೆನ್ಮಾರ್ಕಿನ ಫ್ರಿಮೋಡ್ಟ್ ಮೊಲ್ಲರ್ ಮನೆತನದ ವೈದ್ಯರು ತಂದೆಯ ತರುವಾಯ ಮಗನೆಂಬಂತೆ ಅದನ್ನು ನಡೆಯಿಸುತ್ತಿದ್ದರು.

ಆ ಕಾಲದ ಕ್ರಮವು ಈಗಿನಂತಿರಲಿಲ್ಲ. ಮೊದಲ ದಿನ ಮಗುವಿನ ಮುಂಗೈಗೆ ಪರೀಕ್ಷೆಯ ಸೂಜಿ. ಮೂರನೆಯ ದಿನ ಬಂದು ಅಲ್ಲಿ ಊದಿದೆಯೇ ಎಂದು ಅಳೆಯುವುದು. ಊದದಿದ್ದರೆ ಮಾತ್ರ ತೋಳಿಗೆ ಮದ್ದು. ಹೀಗೆ ಒಂದು ಮಗುವಿಗೆ ಎರಡು ಸೂಜಿ, ಎರಡು ಭೇಟಿ. ಮೊದಲ ದಿನ ಶಾಲೆಯ ಅಂಗಳದಲ್ಲಿ ಸಾಲು ನಿಂತ ಮಕ್ಕಳಲ್ಲಿ ಮೂರನೆಯ ದಿನ ಎಷ್ಟೋ ಮಂದಿ ಹೊಲಗದ್ದೆಗಳ ಕಡೆಗೆ ಮಾಯವಾಗುತ್ತಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಜನರ ಸಂಶಯಕ್ಕೆ ಕಾರಣವಿರಲಿಲ್ಲವೆಂದಲ್ಲ. 1930ರಲ್ಲಿ ಜರ್ಮನಿಯ ಲ್ಯೂಬೆಕ್ ನಗರದಲ್ಲಿ ಪ್ರಯೋಗಶಾಲೆಯವರ ಅಜಾಗರೂಕತೆಯಿಂದ ಈ ಮದ್ದಿನಲ್ಲಿ ಜೀವಂತ ರೋಗಕ್ರಿಮಿ ಬೆರೆತು ಎಪ್ಪತ್ತಕ್ಕೂ ಹೆಚ್ಚು ಶಿಶುಗಳು ಮಡಿದಿದ್ದವು. ಮದರಾಸು ಪ್ರಾಂತದಲ್ಲಿ ಬಿ.ಸಿ.ಜಿ.ಯ ವಿರುದ್ಧ ದೊಡ್ಡ ಗದ್ದಲವೆದ್ದಿತು. 1955ರಲ್ಲಿ ರಾಜಾಜಿಯವರಂತಹ ಹಿರಿಯರೇ ತಾವು ಅದನ್ನು ವಿರೋಧಿಸುವುದೇಕೆಂದು ಪುಸ್ತಕವನ್ನು ಪ್ರಕಟಿಸಿದರು. ವಿರೋಧಿಗಳನ್ನೆಲ್ಲ ಮೂಢರೆಂದು ತಳ್ಳಿಹಾಕುವುದು ಸುಲಭ, ಅದು ನ್ಯಾಯವಲ್ಲ. ತಾಯಿಯು ತನ್ನ ಆರೋಗ್ಯವಂತ ಮಗುವಿನ ತೋಳನ್ನು ಅಪರಿಚಿತನ ಸೂಜಿಗೆ ಒಡ್ಡುವ ಮೊದಲು ನಾಲ್ಕು ಮಾತು ಕೇಳುವಳಾದರೆ ಅದು ಅವಳ ಹಕ್ಕು. ಆ ನಾಲ್ಕು ಮಾತಿಗೆ ಉತ್ತರವನ್ನು ಹೇಳಲು ಯಾರಿಗೆ ಪುರುಸೊತ್ತಿದ್ದಿತು ಎಂಬುದೇ ವಿಚಾರಮಾಡತಕ್ಕ ವಿಷಯ. ತಂಡಕ್ಕೆ ದಿನಕ್ಕಿಷ್ಟು ತೋಳುಗಳೆಂಬ ಲೆಕ್ಕವಿದ್ದಿತು.

ಈ ಲೆಕ್ಕದ ಜಗತ್ತಿಗೆ 1951ರಲ್ಲಿ ಬಂದವರು ಹಾಲ್ಫ್‌ಡನ್ ಮಾಹ್ಲರ್ ಎಂಬ ಡೆನ್ಮಾರ್ಕಿನ ವೈದ್ಯರು. ಜನನ 1923ರಲ್ಲಿ, ತಂದೆ ಕ್ರೈಸ್ತ ಪಾದ್ರಿಗಳು. ದಕ್ಷಿಣ ಅಮೆರಿಕದ ಈಕ್ವಡಾರ್ ದೇಶದಲ್ಲಿ ಕ್ಷಯನಿವಾರಣೆಯ ಕೆಲಸವನ್ನು ಮಾಡಿ, ವಿಶ್ವ ಆರೋಗ್ಯ ಸಂಸ್ಥೆಯನ್ನು ಸೇರಿ, ಇನ್ನೂ ಮೂವತ್ತು ತುಂಬದ ಪ್ರಾಯದಲ್ಲಿ ಭಾರತಕ್ಕೆ ಬಂದರು. ಬಂದವರು ಒಂದೆರಡು ತಿಂಗಳು ನೋಡಿ ವರದಿ ಬರೆದು ಹಿಂದಿರುಗಲಿಲ್ಲ. ಸುಮಾರು ಹತ್ತು ವರ್ಷಗಳ ಕಾಲ ಇಲ್ಲಿಯೇ ಇದ್ದು ರಾಷ್ಟ್ರದ ಕ್ಷಯನಿವಾರಣಾ ಕಾರ್ಯದಲ್ಲಿ ತೊಡಗಿದ್ದರು. ಆ ವೇಳೆಗೆ ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಸಂಶೋಧನೆಯು ಒಂದು ದೊಡ್ಡ ಸಂದೇಹವನ್ನು ಪರಿಹರಿಸಿತು. ಕ್ಷಯರೋಗಿಯನ್ನು ಗುಡ್ಡದ ಮೇಲಿನ ಚಿಕಿತ್ಸಾಲಯದಲ್ಲಿಟ್ಟರೂ, ಇಕ್ಕಟ್ಟಾದ ತನ್ನ ಮನೆಯಲ್ಲಿಯೇ ಗುಳಿಗೆ ಕೊಟ್ಟರೂ, ಗುಣವಾಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಗುಳಿಗೆ ನುಂಗುತ್ತಿರುವ ರೋಗಿಯು ಮನೆಯಲ್ಲಿದ್ದ ಮಾತ್ರಕ್ಕೆ ಮನೆಯವರಿಗೆ ಅಪಾಯವು ಹೆಚ್ಚುವುದಿಲ್ಲ. ತಾಯಿಗೆ ಕ್ಷಯವೆಂದು ಕೂಸನ್ನು ಅಗಲಿಸಬೇಕಾದ ಕಾಲವು ಹೀಗೆ ಮುಗಿಯಿತು. ಎಷ್ಟು ಮನೆಗಳಲ್ಲಿ ಎಷ್ಟು ಕಣ್ಣೀರನ್ನು ಈ ಒಂದು ಸಂಶೋಧನೆ ಒರಸಿತೋ ಹೇಳತೀರದು.

1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. 1960ರ ಸೆಪ್ಟೆಂಬರಿನಲ್ಲಿ ಪಂಡಿತ ಜವಾಹರಲಾಲ ನೆಹರೂ ಅವರು ಅದನ್ನು ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್‌ಗಳ ನೆರವಿನಿಂದ ನಡೆದ ಈ ಸಂಸ್ಥೆಯಲ್ಲಿ ವೈದ್ಯರ ಪಕ್ಕದಲ್ಲಿ ಲೆಕ್ಕಶಾಸ್ತ್ರಜ್ಞರನ್ನೂ ಸಮಾಜಶಾಸ್ತ್ರಜ್ಞರನ್ನೂ ಕುಳ್ಳಿರಿಸಿದರು. ವೈದ್ಯವೃತ್ತಿಯ ಅಭಿಮಾನವುಳ್ಳ ಕೆಲವರಿಗೆ ಇದು ರುಚಿಸದಿದ್ದಿರಬಹುದು. ಆದರೆ ಈ ಪಂಕ್ತಿಭೇದವಿಲ್ಲದ ಕೂಟದಿಂದಲೇ ಆ ಸಂಸ್ಥೆಯ ಅತ್ಯಂತ ಪ್ರಸಿದ್ಧವಾದ ಕೆಲಸವು ಹೊರಬಿದ್ದಿತು.

ಆ ಕೆಲಸ ನಡೆದದ್ದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಸಿದ್ಧಗಂಗೆಯ ಕಾರಣದಿಂದ ಶರಣಬಂಧುಗಳಿಗೆ ತುಮಕೂರಿನ ದಾರಿಯು ಅಪರಿಚಿತವಲ್ಲ. ಆಗಿನ ವಿದ್ಯಾವಂತರ ನಂಬಿಕೆ ಹೀಗಿದ್ದಿತು: ಹಳ್ಳಿಯವರಿಗೆ ರೋಗದ ಅರಿವೇ ಇಲ್ಲ, ಕೆಮ್ಮಿದರೆ ಕೆಮ್ಮಿಕೊಂಡೇ ಇರುವರು, ಶಕುನ, ಯಂತ್ರ, ತಾಯಿತಗಳಿಗೆ ಓಡುವರು, ಆದುದರಿಂದ ಬಂಡಿಗಳಲ್ಲಿ ಎಕ್ಸ್‌ರೇ ಯಂತ್ರಗಳನ್ನು ಹೊತ್ತು ಅವರ ಮನೆಬಾಗಿಲಿಗೆ ಹೋಗಿ ರೋಗವನ್ನು ಹುಡುಕಿ ತೆಗೆಯಬೇಕು. ಈ ನಂಬಿಕೆಯು ನಿಜವೇ ಎಂದು ಕೇಳಿನೋಡಲು ಹೊರಟವರು ದೇಬಬ್ರತ ಎಂದಲ್ಲ, ದೇಬಬರ ಬ್ಯಾನರ್ಜಿ ಎಂಬ ವಂಗದೇಶದ ವೈದ್ಯರು—ಹೆಸರನ್ನು ತಪ್ಪಾಗಿ ಹೇಳುವುದು ಸಾಮಾನ್ಯವಾದುದರಿಂದ ಈ ಸೂಚನೆ—ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ಎಂಬವರು. ತಪಾಸಣೆಯಲ್ಲಿ ಕ್ಷಯವಿದೆಯೆಂದು ತಿಳಿದುಬಂದವರ ಮನೆಗಳಿಗೆ ಹೋಗಿ, ಜಗಲಿಯ ಮೇಲೆ ಕುಳಿತು, ನಿಮಗೇನಾದರೂ ತೊಂದರೆಯಿದೆಯೇ, ಇದ್ದರೆ ಏನು ಮಾಡಿದಿರಿ, ಎಲ್ಲಿಗೆ ಹೋದಿರಿ ಎಂದು ವಿಚಾರಿಸುವುದು ಅವರ ಕ್ರಮ. ಫಲವು 1963ರಲ್ಲಿ ಪ್ರಕಟವಾಯಿತು.

ನೂರರಲ್ಲಿ 95 ಮಂದಿ ರೋಗಿಗಳಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬ ಅರಿವು ಸ್ಪಷ್ಟವಾಗಿದ್ದಿತು. ನೂರರಲ್ಲಿ 72 ಮಂದಿ ಅದಕ್ಕಾಗಿ ಚಿಂತಿಸುತ್ತಿದ್ದರು. ನೂರರಲ್ಲಿ 52 ಮಂದಿ, ಯಾರೂ ಕರೆಯದೆಯೇ, ತಮ್ಮ ಕೂಲಿಯನ್ನು ಕಳೆದುಕೊಂಡು, ಆಸ್ಪತ್ರೆಯ ಬಾಗಿಲಿಗೆ ಆಗಲೇ ಹೋಗಿಬಂದಿದ್ದರು. ಹಾಗಾದರೆ ರೋಗವು ಪತ್ತೆಯಾಗಲಿಲ್ಲವೇಕೆ? ಆಸ್ಪತ್ರೆಯಲ್ಲಿ ಅವರ ಕಫವನ್ನು ನೋಡಿದವರಿರಲಿಲ್ಲ. ಒಂದು ಸೀಸೆ ಕೆಮ್ಮಿನ ಔಷಧವನ್ನು ಕೊಟ್ಟು ಕಳುಹಿಸಿಬಿಟ್ಟಿದ್ದರು!

ಭಕ್ತಮಹಾಶಯರೇ, ಈ ಮೂರು ಅಂಕಿಗಳನ್ನು ನಿಧಾನವಾಗಿ ಮನನಮಾಡಬೇಕು. ಅಜ್ಞಾನಿಗಳೆಂದು ಬಗೆಯಲ್ಪಟ್ಟವರು ತಮ್ಮ ಕೆಲಸವನ್ನು ತಾವು ಮಾಡಿದ್ದರು. ಬಾಗಿಲವರೆಗೆ ಬಂದಿದ್ದರು. ಒಳಗಿದ್ದವರು ಅವರನ್ನು ಕಾಣಲಿಲ್ಲ. ಆ ಸೀಸೆಯನ್ನು ಹಿಡಿದು ಹಿಂದಿರುಗಿದ ಒಬ್ಬೊಬ್ಬನ ಮನೆಯಲ್ಲಿಯೂ ಮಕ್ಕಳಿದ್ದಿರಬೇಕು; ಅವನ ಮಗ್ಗುಲಲ್ಲಿ ಆ ರಾತ್ರಿಯೂ ಅವು ಮಲಗಿರಬೇಕು. ಬಾಗಿಲಿಗೆ ಬಂದವನನ್ನು ಹಿಂದೆ ಕಳುಹಿಸಿದ ದೋಷವು ಅಲ್ಲಿಗೆ ನಿಲ್ಲದೆ ತೊಟ್ಟಿಲವರೆಗೂ ಹೋಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಾಗಿಲ್ಲ. ಈ ವಿಚಾರದ ಫಲವಾಗಿಯೇ 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ಬೇರೆಯ ದಂಡುಗಳನ್ನು ಕಟ್ಟುವುದರ ಬದಲು, ಊರಿನ ಸಾಮಾನ್ಯ ಆಸ್ಪತ್ರೆಯಲ್ಲಿಯೇ ಸೂಕ್ಷ್ಮದರ್ಶಕವನ್ನಿಟ್ಟು, ಕೆಮ್ಮಿ ಬಂದವನ ಕಫವನ್ನು ನೋಡತಕ್ಕದ್ದೆಂಬ ಮಾರ್ಗವನ್ನು ಹಿಡಿದರು. ಮಾರ್ಗವು ಸರಿಯಾದದ್ದು, ನಡೆದದ್ದು ಎಷ್ಟು ದೂರವೆಂಬುದು ಬೇರೆಯ ಮಾತು.

ಇಲ್ಲಿ ಪರ್ಯಟನದ ವಿಷಯದಲ್ಲಿ ಒಂದು ಮಾತನ್ನು ಹೇಳದಿರಲಾಗದು. ದೊಡ್ಡವರು ಬರುವರೆಂದರೆ ಊರಿನ ಶಿಶುಕೇಂದ್ರಕ್ಕೆ ಸುಣ್ಣ ಬಳಿಯುವುದು, ಬಾಗಿಲಿಗೆ ಮಾವಿನ ತೋರಣ ಕಟ್ಟುವುದು, ಮೈಕೈ ತುಂಬಿಕೊಂಡ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು ಸರ್ವತ್ರ ವಾಡಿಕೆ. ಬಡಕಲು ಮಗುವನ್ನು ಆ ದಿನ ಮನೆಯಲ್ಲಿಯೇ ಇರಿಸಿಕೊಳ್ಳೆಂದು ಅದರ ತಾಯಿಗೆ ಹೇಳಿಕಳುಹಿಸುವುದೂ ಉಂಟು. ಬಂದವರು ಹಾರ ಹಾಕಿಸಿಕೊಂಡು, ತೂಕದ ಪುಸ್ತಕವನ್ನು ತೆರೆದು, ಮುಗುಳ್ನಕ್ಕು, ಎಳನೀರು ಕುಡಿದು ಹೊರಡುವರು. ಯಾವ ಮಗುವಿಗಾಗಿ ಆ ಕೇಂದ್ರವಿರುವುದೋ ಆ ಮಗುವನ್ನು ಅವರು ನೋಡಿರುವುದಿಲ್ಲ.

ಇದಕ್ಕೆ ವಿರುದ್ಧವಾದ ಪರ್ಯಟನವನ್ನು ಮಾಡಿದವರಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ಮಹಿಳೆಯ ಹೆಸರು ಸ್ಮರಣೀಯವಾದದ್ದು. 1893ರಲ್ಲಿ ಜಮೈಕಾ ದ್ವೀಪದಲ್ಲಿ ಹುಟ್ಟಿ ವೈದ್ಯೆಯಾದ ಈಕೆ 1929ರಲ್ಲಿ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್‌ಗೆ, ಎಂದರೆ ಈಗಿನ ಘಾನಾ ದೇಶಕ್ಕೆ ಹೋದರು. ಅದೂ ಚಿನ್ನದ ಹೆಸರಿನ ನೆಲವೇ. ಅಲ್ಲಿ ಒಂದೆರಡು ವರ್ಷದ ಮಕ್ಕಳು ಕೈಕಾಲು ಊದಿ, ಕೂದಲು ಕೆಂಪಾಗಿ, ಚರ್ಮ ಸುಲಿದು ಸಾಯುತ್ತಿದ್ದವು. ಹಿರಿಯ ವೈದ್ಯರು ಒಂದೊಂದು ಪುಸ್ತಕದ ಹೆಸರನ್ನು ಹೇಳುತ್ತಿದ್ದರು. ಸಿಸಿಲಿಯವರು ಅಲ್ಲಿಯ ತಾಯಂದಿರನ್ನು ಕೇಳಿದರು. ಅವರ ನುಡಿಯಲ್ಲಿ ಅದಕ್ಕೆ ಕ್ವಾಷಿಯೋರ್ಕರ್ ಎಂಬ ಹೆಸರಿದ್ದಿತು. ಎರಡನೆಯ ಕೂಸು ಹುಟ್ಟಿದಾಗ ತಾಯಿಯ ಎದೆಯಿಂದ ಇಳಿಸಲ್ಪಟ್ಟ ಮೊದಲ ಮಗುವಿಗೆ ಬರುವ ರೋಗವೆಂದು ಅದರ ಭಾವ. ರೋಗದ ಕಾರಣವು ಆ ಹೆಸರಿನಲ್ಲಿಯೇ ಅಡಗಿದ್ದಿತು: ಎದೆಹಾಲು ತಪ್ಪಿತು, ಬದಲಿಗೆ ಸಿಕ್ಕಿದ್ದು ಬರಿಯ ಜೋಳದ ಗಂಜಿ, ಮೈ ಬೆಳೆಯಿಸುವ ಸತ್ತ್ವ ಅದರಲ್ಲಿಲ್ಲ. 1935ರಲ್ಲಿ ಆ ತಾಯಂದಿರ ಮಾತನ್ನೇ ಅವರು ವೈದ್ಯಶಾಸ್ತ್ರದ ಪತ್ರಿಕೆಯಲ್ಲಿ ಅಚ್ಚುಮಾಡಿಸಿದರು. ಲೋಕದ ವೈದ್ಯಗ್ರಂಥಗಳಲ್ಲೆಲ್ಲ ಅದೇ ಹೆಸರು ನಿಂತಿದೆ. ತರುವಾಯ ಸಿಂಗಪುರದಲ್ಲಿ, ಎದೆಹಾಲನ್ನು ಬಿಡಿಸಿ ಡಬ್ಬಿಯ ಸಿಹಿಹಾಲನ್ನು ಕೂಸುಗಳಿಗೆ ಕೊಡಿಸುತ್ತಿದ್ದ ವ್ಯಾಪಾರವನ್ನು ಕೊಲೆಯೆಂದೇ ಕರೆದು 1939ರಲ್ಲಿ ಊರಿನ ಗಣ್ಯರೆದುರಿಗೆ ಭಾಷಣಮಾಡಿದರು. ಯುದ್ಧಕಾಲದಲ್ಲಿ ಜಪಾನೀಯರ ಸೆರೆಯಲ್ಲಿದ್ದು, ಬದುಕಿ ಬಂದು, 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾತೃಶಿಶು ವಿಭಾಗಕ್ಕೆ ಮೊದಲ ಮುಖ್ಯಸ್ಥೆಯಾದರು.

ಇನ್ನು ಪದಾರ್ಥರೂಪದ ದಾನ. 1950ರ ಮತ್ತು 60ರ ದಶಕಗಳಲ್ಲಿ ಓದಿದವರಿಗೆ ಶಾಲೆಯ ಹಾಲಿನ ಪುಡಿಯ ನೆನಪೂ, ಕೇರ್ ಸಂಸ್ಥೆಯ ಗೋಧಿನುಚ್ಚಿನ ಉಪ್ಪಿಟ್ಟಿನ ನೆನಪೂ ಇದ್ದೇ ಇರುವುದು. ಹಸಿದ ಮಗುವಿಗೆ ಅನ್ನವು ಎಲ್ಲಿಂದ ಬಂದರೂ ಅನ್ನವೇ, ಅದನ್ನು ಹಳಿಯಲಾಗದು. ಆದರೂ ಹಡಗು ಬರುವವರೆಗೆ ಊಟ, ಹಡಗು ನಿಂತರೆ ಊಟವಿಲ್ಲ ಎಂಬ ಸ್ಥಿತಿಯು ಹಿತಕರವಾದುದಲ್ಲ. ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾಲಯದವರು ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟನ್ನು ಬೆರೆಸಿ ಅಗ್ಗದ ಪೌಷ್ಟಿಕ ಆಹಾರವನ್ನು ಸಿದ್ಧಗೊಳಿಸಿದ್ದು ಈ ಪರಾಧೀನತೆಯನ್ನು ತಪ್ಪಿಸಲೆಂದೇ. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆಗಳಲ್ಲಿ ಶಿಶುಅಭಿವೃದ್ಧಿ ಯೋಜನೆಯು ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಅದು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ಅಂಗನವಾಡಿಯೆಂಬ ಮಾತು ಮನೆಮಾತಾದದ್ದು ಅಲ್ಲಿಂದೀಚೆಗೆ. ಈ ಶತಮಾನದ ಆದಿಯಲ್ಲಿ ರಾಜ್ಯದ ಶಾಲೆಗಳಲ್ಲಿ ಬಿಸಿಯೂಟವು ಮೊದಲಾದಾಗ ಅದಕ್ಕೆ ಅಕ್ಷರದಾಸೋಹವೆಂದು ನಾಮಕರಣವಾಯಿತು. ಶರಣರ ಮಾತೊಂದು ಸರ್ಕಾರದ ಕಡತದೊಳಗೆ ಹೊಕ್ಕದ್ದು ಅಪೂರ್ವವೇ ಸರಿ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಯ ಹಳ್ಳಿಗಳಲ್ಲಿ ಮೈರಾಡ ಸಂಸ್ಥೆಯವರು 1980ರ ದಶಕದಲ್ಲಿ ಕೆಲಸಕ್ಕೆ ತೊಡಗಿದಾಗಲೂ ಮಕ್ಕಳ ಹೆಸರಿನಲ್ಲಿ ವಿದೇಶದ ನೆರವು ಬಂದಿತು. ಆ ಪ್ರಯತ್ನದಲ್ಲಿ ಬಹುಕಾಲ ಬಾಳಿದ್ದು ಹೆಂಗಸರು ತಮ್ಮತಮ್ಮಲ್ಲಿ ಕಟ್ಟಿಕೊಂಡ ಉಳಿತಾಯದ ಸಂಘಗಳು. ಮಗುವಿಗೆ ಜ್ವರ ಬಂದ ರಾತ್ರಿ ಸಾಹುಕಾರನ ಮನೆಗೆ ಓಡದೆ ಸಂಘದ ಪೆಟ್ಟಿಗೆಯಿಂದ ಹಣವನ್ನು ತರಬಹುದಾದರೆ ಅದೂ ಒಂದು ಔಷಧವೇ.

ಮಾಹ್ಲರ್ ಅವರ ಕಥೆಯು ಭಾರತಕ್ಕೇ ಮುಗಿಯಲಿಲ್ಲ. 1973ರಲ್ಲಿ ಅವರು ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿ ಹದಿನೈದು ವರ್ಷ ಆ ಪದವಿಯಲ್ಲಿದ್ದರು. 1978ರಲ್ಲಿ ಆಲ್ಮಾ ಆಟಾ ನಗರದಲ್ಲಿ ಸೇರಿದ ರಾಷ್ಟ್ರಗಳ ಸಭೆಯು, ಮನೆಗೆ ಹತ್ತಿರದ ಪ್ರಾಥಮಿಕ ಚಿಕಿತ್ಸೆಯೇ ಆರೋಗ್ಯದ ಬುಡವೆಂದು ಘೋಷಿಸಿತು. 2000ದ ಹೊತ್ತಿಗೆ ಸರ್ವರಿಗೂ ಆರೋಗ್ಯವೆಂಬುದು ಗುರಿಯಾಯಿತು. ಕರ್ನಾಟಕದ ಜಗಲಿಗಳ ಮೇಲೆ ಸಂಗ್ರಹವಾದ ಆ ಅನುಭವವು ಅಂತಹ ಘೋಷಣೆಗೆ ಹಿನ್ನೆಲೆಯಾಗಿದ್ದಿತೆಂದು ಊಹಿಸಿದರೆ ತಪ್ಪಾಗಲಾರದು. ಗುರಿಯನ್ನಂತೂ ಲೋಕವು ಮುಟ್ಟಲಿಲ್ಲ. ಮಾಹ್ಲರ್ ಅವರು 2016ರಲ್ಲಿ ತೀರಿಕೊಂಡರು.

ಬಿ.ಸಿ.ಜಿ.ಯ ಕಥೆಯೂ ಒಂದು ತಿರುವನ್ನು ಕಂಡಿತು. ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಿಂದ ಎರಡೂವರೆ ಲಕ್ಷಕ್ಕೂ ಮೇಲ್ಪಟ್ಟ ಜನರಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲವು 1979ರಲ್ಲಿ ಹೊರಬಂದಾಗ, ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಈ ಮದ್ದು ತಡೆಯಲಿಲ್ಲವೆಂದು ತಿಳಿಯಿತು. ಎಳೆಯ ಮಕ್ಕಳನ್ನು ಮೆದುಳಿನ ಕ್ಷಯದಿಂದ ಕಾಪಾಡುವ ಗುಣವು ಅದಕ್ಕಿರುವುದರಿಂದಲೇ ಇಂದಿಗೂ ಹುಟ್ಟಿದ ಕೂಸಿನ ಎಡದೋಳಿಗೆ ಅದನ್ನು ಕೊಡುವರು. ಕೋಟಿಗಟ್ಟಲೆ ತೋಳುಗಳಿಗೆ ಚುಚ್ಚಿದ ಮೇಲೆ ತಮ್ಮ ಮದ್ದು ಅರ್ಧದಷ್ಟೇ ಫಲಕಾರಿಯೆಂದು ತಾವೇ ಪರೀಕ್ಷಿಸಿ ತಾವೇ ಪ್ರಕಟಿಸಿದ್ದು ಪ್ರಾಮಾಣಿಕತೆಯ ಲಕ್ಷಣ. ಅರ್ಥವಿಷ್ಟು: ಮಗುವಿನ ತೋಳಿನ ಗುರುತು ಮಗುವನ್ನು ಕೊಂಚಕಾಲ ಕಾಯುವುದು, ಮನೆಯೊಳಗಿನ ಕೆಮ್ಮನ್ನು ನಿಲ್ಲಿಸದು. ಅದನ್ನು ನಿಲ್ಲಿಸಬೇಕಾದರೆ ಕೆಮ್ಮುವವನನ್ನು ಕಾಣಬೇಕು.

2019 ಮತ್ತು 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿರಲಿಲ್ಲ. ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಗಿಂತ ರಕ್ತಹೀನತೆಯು ಹೆಚ್ಚಿತ್ತೆಂಬುದು ಖೇದಕರ. ಚುಚ್ಚುಮದ್ದು ನೂರಕ್ಕೆ 84 ಮಂದಿ ಮಕ್ಕಳಿಗೆ ಪೂರ್ಣವಾಗಿ ದೊರೆತಿದ್ದಿತು. ಸೂಜಿಯು ಮಗುವನ್ನು ಮುಟ್ಟಿದಷ್ಟು ಸಲೀಸಾಗಿ ಸೊಪ್ಪು, ಕಾಳು, ಮೊಟ್ಟೆ ಮುಟ್ಟಿಲ್ಲವೆಂದು ಇದರಿಂದ ತಿಳಿಯತಕ್ಕದ್ದು.

ಈಗ ಮತ್ತೆ ಉರಿಗಾಂಗೆ ಬರೋಣವಾಗಲಿ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದವು. ಕೂಲಿ ಹೋಯಿತು, ಕೂಲಿಯೊಡನೆ ಕಂಪೆನಿಯ ಆಸ್ಪತ್ರೆಯ ಆಸರೆಯೂ ಹೋಯಿತು. ಲೈನುಮನೆಗಳು ಮಾತ್ರ ಉಳಿದವು, ಅವುಗಳಲ್ಲಿ ಜನರೂ ಉಳಿದರು. ಬೆಳಕು ಹರಿಯುವ ಮುನ್ನವೇ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಗಾಡಿಗಳಲ್ಲಿ ಗಂಡಸರೊಡನೆ ಹೆಂಗಸರೂ ಬುತ್ತಿ ಹಿಡಿದು ಹೋಗಿ ಕತ್ತಲಾದ ಮೇಲೆ ಹಿಂದಿರುಗುವುದು ದಿನಚರಿಯಾಯಿತು. ಅಂಗನವಾಡಿಯ ಬಾಗಿಲು ತೆರೆಯುವುದು ಒಂಬತ್ತೂವರೆಗೆ. ಮುಚ್ಚುವುದು ಸಂಜೆ ನಾಲ್ಕಕ್ಕೆ. ಗಾಡಿಯ ವೇಳೆಗೂ ಈ ವೇಳೆಗೂ ಹೊಂದಿಕೆಯಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ 2023ರ ಬಳಿಕ ಕೂಸಿನ ಮನೆಗಳೆಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯತೊಡಗಿದರು. ಅವು ಹಳ್ಳಿಯ ಕೂಲಿಕಾರ ತಾಯಂದಿರಿಗಾಗಿ. ಉರಿಗಾಂ ಪಟ್ಟಣದ ಎಲ್ಲೆಯೊಳಗಿನದು.

ಹೀಗಿರಲು ಮುಂಜಾನೆ ಐದರಿಂದ ರಾತ್ರಿ ಎಂಟರವರೆಗೆ ಆ ಮಗುವು ಯಾರ ಮಡಿಲಲ್ಲಿರುವುದು? ಅಜ್ಜಿಯ ಅಥವಾ ತಾತನ ಮಡಿಲಲ್ಲಿ. ಆ ತಾತನು ಇಪ್ಪತ್ತು ಮೂವತ್ತು ವರ್ಷ ನೆಲದೊಳಗೆ ಕಲ್ಲು ಕೊರೆದವನಾಗಿರಬಹುದು. ಅವನಿಗೆ ಕೆಮ್ಮಿರುವುದು. ಗಣಿಯ ಕೆಮ್ಮು, ಹಳೆಯದು, ಹೋಗುವಂತಹದಲ್ಲ ಎಂದು ಅವನೇ ಹೇಳುವನು. ಮನೆಯವರೂ ಹಾಗೆಯೇ ನಂಬಿರುವರು. ಬಹುಶಃ ಅದು ಧೂಳಿನ ಕೆಮ್ಮೇ ಇದ್ದೀತು. ಇಲ್ಲದೆಯೂ ಇದ್ದೀತು. ಕಫವನ್ನು ನೋಡಿದ ಹೊರತು ಯಾವ ವೈದ್ಯನೂ ಹೇಳಲಾರನು.

ಆ ತಾತನೇ ಒಂಬತ್ತೂವರೆಗೆ ಮಗುವನ್ನು ಕೈಹಿಡಿದು ಅಂಗನವಾಡಿಗೆ ಕರೆದುಕೊಂಡು ಬರುವನು. ಕಾರ್ಯಕರ್ತೆಯು ಮಗುವನ್ನು ತಕ್ಕಡಿಯಲ್ಲಿ ಕೂರಿಸಿ, ತೂಕವನ್ನು ಬರೆದುಕೊಂಡು, ಬೆಳವಣಿಗೆಯ ಗೆರೆಯು ಎರಡು ತಿಂಗಳಿಂದ ಏರಿಲ್ಲವೆಂದು ಕಾಣುವಳು. ಮೊಟ್ಟೆಯನ್ನೋ ಹಾಲನ್ನೋ ಹೆಚ್ಚಾಗಿ ಕೊಡಬೇಕೆಂದು ಹೇಳುವುದು ಸರಿಯೇ. ಅದರೊಡನೆ ಅವಳು ತಲೆಯೆತ್ತಿ, ತಾತ, ನಿಮ್ಮ ಕೆಮ್ಮು ಎಷ್ಟು ದಿನದ್ದು ಎಂದು ಕೇಳತಕ್ಕದ್ದು. ಎರಡು ವಾರ ಮೀರಿದ ಕೆಮ್ಮಾದರೆ ಕಫಪರೀಕ್ಷೆಯು ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ನಡೆಯುವುದು. ಕ್ಷಯವೆಂದಾದರೆ ಗುಳಿಗೆಗಳೂ ಬಿಟ್ಟಿಯೇ. ಆ ಮನೆಯ ಐದು ವರ್ಷದೊಳಗಿನ ಮಗುವಿಗೆ ರೋಗವಿಲ್ಲವೆಂದು ಖಚಿತಪಡಿಸಿಕೊಂಡು, ಮುಂದೆಯೂ ಬಾರದಂತೆ ಆರು ತಿಂಗಳ ಕಾಲ ಗುಳಿಗೆಯನ್ನು ಕೊಡುವ ಕ್ರಮವೂ ಉಂಟು. 1921ರಲ್ಲಿ ಪ್ಯಾರಿಸ್ಸಿನ ಆ ಅಜ್ಜಿಗೆ ಕೊಡಲು ಯಾವ ಗುಳಿಗೆಯೂ ಇರಲಿಲ್ಲ. ಕೂಸಿಗೆ ಮಾತ್ರ ಮದ್ದನ್ನು ಕೊಟ್ಟು ಅವಳ ಮಡಿಲಲ್ಲಿಡಬೇಕಾಯಿತು. ಉರಿಗಾಂನ ತಾತನಿಗೆ ಗುಳಿಗೆಯಿದೆ. ಅವನು ಮಗುವಿನ ಕೈಹಿಡಿದು ದಿನವೂ ಬಾಗಿಲವರೆಗೆ ಬರುತ್ತಲೂ ಇರುವನು.